ಸಂಪಾದಕರ ಉತ್ತರ: ನಂಬರ್ ಇದೆ, ಮನೆ ಸಿಗಬೇಕಲ್ಲ

ಸಾಗರ ತಾಲ್ಲೂಕಿನ ಹಳ್ಳಿಯೊಂದರ ಹೆಣ್ಣುಮಗಳು ಬೆಂಗಳೂರಿನಿಂದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಊರಲ್ಲಿ ಇರುವುದು ಅಪ್ಪ, ಅಮ್ಮ ಇಬ್ಬರೇ. ಕಳೆದ ಮಳೆಗಾಲದ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ಕರೆಂಟ್ ಇಲ್ಲ, ಟವರ್ ಇಲ್ಲ. ಅಮ್ಮ ಟಾರ್ಚ್ ಹಿಡಿದು, ತೋಟ ದಾಟಿ ಹೋಗಿ ಪಕ್ಕದ ಮನೆಯವರನ್ನು ಎಬ್ಬಿಸಿದರು. ಕೊನೆಗೆ ಹಾಲಿನ ವ್ಯಾನಿನಲ್ಲಿ ಆಸ್ಪತ್ರೆ ಸೇರಿದರು. ಅಪ್ಪ ಈಗ ಹುಷಾರಾಗಿದ್ದಾರೆ. ‘ನಮ್ಮ ಕಡೆಯ ಹಳ್ಳಿಗಳಿಗೆ ಬೇಕಾದ ಫೋನ್ ನಂಬರ್‌ಗಳನ್ನೆಲ್ಲಾ ನಿಮ್ಮ ಪತ್ರಿಕೆಯಲ್ಲಿ ಒಂದೇ ಕಡೆ ಯಾಕೆ ಹಾಕಬಾರದು?’ ಎಂದು ಕೇಳಿದ್ದಾರೆ.

ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ರಾತ್ರಿ ನಿಮ್ಮ ಅಮ್ಮ ಮಳೆಯಲ್ಲಿ ಒಬ್ಬರೇ ತೋಟ ದಾಟಿದ್ದು ಕಣ್ಣಿಗೆ ಕಟ್ಟಿತು. ಅಪ್ಪ ಹುಷಾರಾಗಿದ್ದಾರೆ ಎಂಬ ಸಾಲು ಬರುವವರೆಗೂ ನನಗೆ ಸಮಾಧಾನ ಇರಲಿಲ್ಲ.

ನೀವು ಕೇಳಿದ ಪಟ್ಟಿಯನ್ನು ನಾವು ಹಾಕಬಹುದು. ಆದರೆ ಅದರಲ್ಲಿ ಅರ್ಧಕ್ಕರ್ಧ ಆರು ತಿಂಗಳಲ್ಲಿ ಹಳೆಯದಾಗುತ್ತದೆ. ಲೈನ್‌ಮನ್‌ಗೆ ವರ್ಗ ಆಗುತ್ತದೆ. ಪಿಡಿಒ ಬದಲಾಗುತ್ತಾರೆ. ಜೀಪಿನವರು ಸಿಮ್ ಬದಲಿಸುತ್ತಾರೆ. ನಡುರಾತ್ರಿ ಪಟ್ಟಿ ನೋಡಿ ಫೋನ್ ಮಾಡಿದವರಿಗೆ ‘ಈ ನಂಬರ್ ಅಸ್ತಿತ್ವದಲ್ಲಿಲ್ಲ’ ಎಂದು ಕೇಳಿದರೆ, ಆ ಪಟ್ಟಿ ಇಲ್ಲದಿದ್ದರೇ ಒಳ್ಳೆಯದಿತ್ತು ಅಲ್ವಾ? ಬದಲಾಗದ ನಂಬರ್‌ಗಳು ಕೆಲವೇ ಇವೆ. ಆಂಬುಲೆನ್ಸ್‌ಗೆ 108. ಪೊಲೀಸ್, ಬೆಂಕಿ, ಏನೇ ತುರ್ತು ಇದ್ದರೂ 112. ಕರೆಂಟ್ ದೂರಿಗೆ 1912. ದನಕರುಗಳ ಆಂಬುಲೆನ್ಸ್‌ಗೆ 1962. ಮಳೆಗಾಲದಲ್ಲಿ ಗುಡ್ಡ ಕುಸಿದರೆ, ನೆರೆ ಬಂದರೆ ಜಿಲ್ಲೆಯ ಕಂಟ್ರೋಲ್ ರೂಮಿಗೆ 1077. ಇವಿಷ್ಟು ಗೋಡೆ ಮೇಲೆ ಇದ್ದರೆ ಸಾಕು. ಉಳಿದದ್ದನ್ನು ನಿಮ್ಮೂರಿಗೆ ನೀವೇ ಬರೆದುಕೊಳ್ಳಬೇಕು.

ನನಗೆ ನಂಬರ್‌ಗಿಂತ ಜಾಸ್ತಿ ಚಿಂತೆ ಹುಟ್ಟಿಸುವುದು ಬೇರೆ ವಿಷಯ. ಕೆಲವು ವರ್ಷದ ಹಿಂದೆ ನಮ್ಮ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಂಬುಲೆನ್ಸ್‌ಗೆ ಫೋನ್ ಮಾಡಿದವನು ನಾನೇ. ಗಾಬರಿಯಲ್ಲಿ ಊರಿನ ಹೆಸರು ಹೇಳಿ ‘ಬೇಗ ಬನ್ನಿ’ ಎಂದೆ. ಅದೇ ಹೆಸರಿನ ಇನ್ನೊಂದು ಊರು ಅದೇ ತಾಲ್ಲೂಕಿನಲ್ಲಿತ್ತು. ಗಾಡಿ ಅಲ್ಲಿಗೆ ಹೋಗಿತ್ತು. ಅವರು ತಿರುಗಿ ನಮ್ಮೂರಿಗೆ ಬರುವ ತನಕ ಚಿಕ್ಕಮ್ಮ ಬಚ್ಚಲಿನ ಕಲ್ಲಿನ ಮೇಲೆ ನರಳುತ್ತಾ ಮಲಗಿದ್ದರು. ಗಾಡಿಯವರ ತಪ್ಪೇನೂ ಇರಲಿಲ್ಲ. ಹೊಸೂರು, ಹೊಸಹಳ್ಳಿಗಳು ನಮ್ಮ ಯಾವ ತಾಲ್ಲೂಕಿನಲ್ಲಿಲ್ಲ ಹೇಳಿ?

ನಿಮ್ಮ ಕಡೆ ಈ ಕಷ್ಟ ಇನ್ನೂ ಜಾಸ್ತಿ. ಬಯಲುಸೀಮೆಯಲ್ಲಿ ಊರೆಂದರೆ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಅರಳಿಕಟ್ಟೆ ಹತ್ತಿರ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಮಲೆನಾಡಿನಲ್ಲಿ ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಆಚೆ. ನಡುವೆ ತೋಟ, ಗದ್ದೆ, ಹಳ್ಳ ದಾಟುವ ಒಂದು ಸಂಕ. ರಾತ್ರಿ ಹತ್ತಕ್ಕೆ ದಾರಿ ಕೇಳಲು ಒಬ್ಬರೂ ಸಿಗುವುದಿಲ್ಲ. ನಿಮ್ಮ ತಾಲ್ಲೂಕಿನ ತುಮರಿ ಭಾಗದವರನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಹಿನ್ನೀರಿನ ಆಚೆ ಉಳಿದವರು ಅವರು. ಸಂಜೆ ಲಾಂಚ್ ನಿಂತಿತೆಂದರೆ ಹೆರಿಗೆ ನೋವಿರಲಿ, ಹಾವು ಕಚ್ಚಿರಲಿ, ಸುತ್ತು ದಾರಿಯೇ ಗತಿ. 2025ರ ಜುಲೈ 14ರಂದು ಆ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ಎಷ್ಟೋ ಜನ ಅತ್ತರು, ಅಷ್ಟು ವರ್ಷ ಕಾದಿದ್ದರು. ಈಗ ಆಂಬುಲೆನ್ಸ್ ಹೊಳೆ ದಾಟುತ್ತದೆ. ದಾಟಿದ ಮೇಲೆ ಯಾವ ದಣಪೆ, ಅಂದರೆ ಬೇಲಿಯ ಗೇಟು, ಹತ್ತಿರ ತಿರುಗಬೇಕು ಎಂದು ಅದರ ಚಾಲಕನಿಗೆ ಯಾರಾದರೂ ಹೇಳಬೇಕಲ್ಲ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಇದು. ನಿಮ್ಮ ಮನೆಗೆ ಬರುವ ದಾರಿಯನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ, ಊರು. ಆಮೇಲೆ ಬಸ್ ಹೋಗುವ ರಸ್ತೆಯಿಂದ ಶುರು ಮಾಡಿ: ಯಾವ ಶಾಲೆ, ಯಾವ ಸೊಸೈಟಿ ಕಟ್ಟಡ ದಾಟಿದ ಮೇಲೆ ಎಡವೋ ಬಲವೋ, ಅಲ್ಲಿಂದ ಎಷ್ಟು ದೂರ, ಗಾಡಿ ಎಲ್ಲಿಯವರೆಗೆ ಬರುತ್ತದೆ. ‘ಭಟ್ಟರ ಮನೆ ಕೇಳಿದರೆ ಹೇಳ್ತಾರೆ’ ಎನ್ನುವುದು ಹಗಲಿಗೆ ಸರಿ, ರಾತ್ರಿಗೆ ಆಗದು. ಬರೆದ ಹಾಳೆಯನ್ನು ದೊಡ್ಡ ಅಕ್ಷರದಲ್ಲಿ ಫೋನ್ ಇಡುವ ಜಾಗದ ಮೇಲೆ ಅಂಟಿಸಿ. ಅಮ್ಮನಿಂದ ಒಂದೆರಡು ಸಲ ಜೋರಾಗಿ ಓದಿಸಿ. ಸುಮ್ನೆ ಹೇಳುತ್ತಿಲ್ಲ, ಗಾಬರಿಯಲ್ಲಿ ಸ್ವಂತ ಊರಿನ ದಾರಿಯೂ ಬಾಯಿಗೆ ಬರುವುದಿಲ್ಲ. ನನಗೆ ಬಂದಿರಲಿಲ್ಲ.

ಮೊಬೈಲಿನ ಮ್ಯಾಪ್‌ನಲ್ಲಿ ಮನೆಯ ಜಾಗ ಗುರುತು ಮಾಡಿ ನಿಮ್ಮ ಬಳಿಯೂ ಇಟ್ಟುಕೊಳ್ಳಿ. ಯಾಕೆಂದರೆ ಕರೆ ಮಾಡುವವರು ನೀವೇ ಆಗಬಹುದು. ಬಹಳ ಜನರಿಗೆ ಇದು ಹೊಳೆಯುವುದಿಲ್ಲ. 2008ರ ನವೆಂಬರ್ 1ರಂದು ಶುರುವಾದ ‘ಆರೋಗ್ಯ ಕವಚ’ದ 108 ಇಡೀ ರಾಜ್ಯಕ್ಕೆ ಸೇರಿದ್ದು. ನೀವು ಬೆಂಗಳೂರಿನಿಂದ ಕರೆ ಮಾಡಿ ಸಾಗರದ ಹಳ್ಳಿಗೆ ಗಾಡಿ ಕೇಳಬಹುದು. ಆದರೆ ಮುಂಬೈಯಲ್ಲೋ ಚೆನ್ನೈಯಲ್ಲೋ ಇರುವ ಮಗ 108 ಒತ್ತಿದರೆ ಕರೆ ಆ ರಾಜ್ಯದ ಕೇಂದ್ರಕ್ಕೆ ಹೋಗುತ್ತದೆ. ದುಬೈಯಲ್ಲಿ ಇರುವವರಿಗಂತೂ ಆ ದಾರಿಯೇ ಇಲ್ಲ. ಅಂಥವರು ಕರ್ನಾಟಕದೊಳಗೆ ಒಬ್ಬರನ್ನು, ರಾತ್ರಿಯೂ ಫೋನ್ ಎತ್ತುವವರನ್ನು, ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಟವರ್ ವಿಷಯ. ಮಲೆನಾಡಿನ ಎಷ್ಟೋ ಮನೆಗಳಿಗೆ ಈಗ ಫೈಬರ್ ಇಂಟರ್ನೆಟ್ ಬಂದಿದೆ. ನಿಮ್ಮಲ್ಲೂ ಇದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಡಿ. ಮೋಡೆಮ್‌ಗೆ ಇನ್ವರ್ಟರ್ ಲೈನ್ ಕೊಡಿಸಿ, ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಅದೂ ಹೋಗುತ್ತದೆ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರ ಇದ್ದರೆ 112 ಹೋಗುವ ಸಾಧ್ಯತೆ ಇದೆ. ಪ್ರಯತ್ನಿಸದೆ ಫೋನ್ ಕೆಳಗಿಡಬಾರದು.

ಇನ್ನು ಮನುಷ್ಯರು. ಈ ಭಾಗ ಬರೆಯಲು ನೀವೇ ಊರಲ್ಲಿ ಒಂದು ದಿನ ಓಡಾಡಬೇಕು. ಮೊದಲು ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ. ಸುಮಾರು ಸಾವಿರ ಜನಕ್ಕೆ ಒಬ್ಬರಂತೆ ಇರುವವರು ಅವರು. ಯಾರ ಮನೆಯಲ್ಲಿ ಬಿಪಿ, ಯಾರಿಗೆ ಸಕ್ಕರೆ ಕಾಯಿಲೆ ಎಂಬುದು ಅವರಿಗೆ ಗೊತ್ತು. ರಾತ್ರಿ ವೈದ್ಯರು ಇರುವ ಆಸ್ಪತ್ರೆ ಯಾವುದು ಎಂದು ಅವರನ್ನೇ ಕೇಳಿ. ಬೋರ್ಡ್ ನೋಡಿ ನಂಬಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧ ಇದೆಯಾ, ಇಸಿಜಿ ಇದೆಯಾ ಎಂದು ಈಗಲೇ ವಿಚಾರಿಸಿ ಬರೆದಿಡಿ. ಎದೆನೋವಿಗೆ ಸರ್ಕಾರದ ‘ಹೃದಯ ಜ್ಯೋತಿ’ ಯೋಜನೆ ಇದೆ, ಪುನೀತ್ ರಾಜ್‌ಕುಮಾರ್ ಅವರ ಹೆಸರಿನದು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಅಪ್ಪನ ವಿಷಯದಲ್ಲಿ ನಿಮಗೆ ಇದು ಮುಖ್ಯ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಹೇಗೆ ನಡೆಯುತ್ತಿದೆ ಎಂದು ಖುದ್ದಾಗಿ ಹೋಗಿ ಕೇಳಿ.

ಹಾವಿನ ಮಾತು ಬಂತು. 2024ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಆದರೆ ಊರುಗಳಲ್ಲಿ ಇವತ್ತಿಗೂ ಬಿಗಿಯಾಗಿ ಹಗ್ಗ ಕಟ್ಟುತ್ತಾರೆ, ಬ್ಲೇಡಿನಿಂದ ಕೊಯ್ಯುತ್ತಾರೆ. ಎರಡೂ ಬೇಡ. ಕೈಗೆ ಕಚ್ಚಿದ್ದರೆ ಬಳೆ, ಉಂಗುರ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ನೋಡಿಕೊಳ್ಳಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ.

ಆಮೇಲೆ ಗಾಡಿ ಇರುವವರು. ನಿಮ್ಮ ಅಪ್ಪನನ್ನು ಉಳಿಸಿದ್ದು ಹಾಲಿನ ವ್ಯಾನ್. ಊರಲ್ಲಿ ಯಾರ ಬಳಿ ಜೀಪಿದೆ, ಓಮ್ನಿ ಇದೆ, ರಾತ್ರಿ ಎಬ್ಬಿಸಿದರೆ ಯಾರು ಬರುತ್ತಾರೆ, ಮೂರು ಜನರ ಹೆಸರು ಬರೆಯಿರಿ. ಒಬ್ಬರದೇ ಸಾಲದು, ಆ ದಿನ ಅವರು ಮದುವೆಗೆ ಹೋಗಿರಬಹುದು. ಮೊದಲೇ ಮಾತಾಡಿ, ಡೀಸೆಲ್ ಖರ್ಚು, ಬಾಡಿಗೆ ಕೊಡುತ್ತೇವೆಂದು ಹೇಳಿಬಿಡಿ. ನಮ್ಮವರು ಸಂಕೋಚದಿಂದ ಕೇಳುವುದಿಲ್ಲ. ಹಾಗೆಂದು ಪುಕ್ಕಟೆ ದುಡಿಸಬಾರದು. ಅಪಘಾತದ ಗಾಯಾಳುವನ್ನು ಕರೆದುಕೊಂಡು ಹೋದರೆ ಪೊಲೀಸ್ ಕೇಸು ಸುತ್ತಿಕೊಳ್ಳುತ್ತದೆ ಎಂಬ ಭಯ ಹಲವರಿಗಿದೆ. ಅಂಥವರನ್ನು ಕಾಪಾಡಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲೇ 134ಎ ಸೆಕ್ಷನ್ ಸೇರಿಸಿದ್ದಾರೆ. ಹೆಸರು ಹೇಳಲೇಬೇಕು ಎಂದು ಯಾರೂ ಒತ್ತಾಯಿಸುವಂತಿಲ್ಲ. ಅವರಿಗೆ ಇದನ್ನೂ ಹೇಳಿ.

ಲೈನ್‌ಮನ್, ನೀರುಗಂಟಿ, ಮೋಟಾರ್ ರಿಪೇರಿಯವರು, ಹಾವು ಹಿಡಿಯುವವರು. ಇವರ ನಂಬರ್ ಹಾಲಿನ ಡೈರಿಯಲ್ಲಿ ಅರ್ಧ ಗಂಟೆ ನಿಂತರೆ ಸಿಕ್ಕಿಬಿಡುತ್ತವೆ. 1912ಕ್ಕೆ ದೂರು ಕೊಡುವಾಗ ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್ ಕೇಳುತ್ತಾರೆ, ಅದನ್ನೂ ಹಾಳೆಯಲ್ಲಿ ಬರೆಯಿರಿ. ತಂತಿ ಹರಿದು ಬಿದ್ದಿದ್ದರೆ ಕರೆಂಟ್ ಇಲ್ಲವೆಂದುಕೊಂಡು ಹತ್ತಿರ ಹೋಗಬಾರದು, ದನಗಳನ್ನೂ ಬಿಡಬಾರದು.

ಇಂಥ ಹಾಳೆ ಸಿದ್ಧವಾದರೆ ಹತ್ತು ಪ್ರತಿ ಮಾಡಿಸಿ. ಪಕ್ಕದ ಮನೆಗಳಿಗೆ ಕೊಡಿ, ಡೈರಿಯ ಗೋಡೆಗೆ ಒಂದು ಅಂಟಿಸಿ. ಕೆಳಗೆ ತಾರೀಕು ಹಾಕಿ. ವರ್ಷಕ್ಕೊಮ್ಮೆ, ಮಳೆಗಾಲ ಹಿಡಿಯುವ ಮೊದಲು, ಪ್ರತಿ ನಂಬರಿಗೂ ಒಂದು ಸಲ ಕರೆ ಮಾಡಿ ನೋಡಿ. ತುರ್ತು ನಂಬರ್‌ಗಳಿಗೆ ಮಾತ್ರ ಪರೀಕ್ಷೆಗೆಂದು ಮಾಡಬೇಡಿ, ಆ ಹೊತ್ತಿಗೆ ನಿಜವಾಗಿ ಬೇಕಾದವರು ಕಾಯುತ್ತಿರುತ್ತಾರೆ.

ಒಂದು ಮಾತು ಬಿಟ್ಟೆ. ಗಾಡಿ ಬರುವ ರಾತ್ರಿ ಯಾರಾದರೂ ಒಬ್ಬರು ರಸ್ತೆ ತಿರುವಿನಲ್ಲಿ ಟಾರ್ಚ್ ಹಿಡಿದು ನಿಂತಿರಬೇಕು. ಅಮ್ಮ ಅಪ್ಪನ ಹತ್ತಿರ ಇರುತ್ತಾರೆ, ಅವರಿಂದ ಆಗದು. ಪಕ್ಕದ ಮನೆಯ ಹುಡುಗ ಕಾಲೇಜಿಗೆ ಹೋಗುತ್ತಾನೆ ಎಂದು ಬರೆದಿದ್ದೀರಿ. ಮುಂದಿನ ವಾರ ಊರಿಗೆ ಹೋದಾಗ ಅವನ ಜೊತೆ ಕೂತು ಮಾತಾಡಿ. ಹೋಗುವಾಗ ಒಂದು ಒಳ್ಳೆ ಟಾರ್ಚ್ ತೆಗೆದುಕೊಂಡು ಹೋಗಿ ಅವನಿಗೇ ಕೊಡಿ.

ನಿಮ್ಮ,
ಸಂಪಾದಕ