ಸ್ಲೋಡೈವ್‌ನ 2023ರ ಆಲ್ಬಂ ಹೊಸದೇ ಆದರೂ 70-80ರ ದಶಕದ್ದು ಅನಿಸೋದು ಯಾಕೆ?

ಮುಖ್ಯ ಕಾರಣ, 'ಎವೆರಿಥಿಂಗ್ ಈಸ್ ಅಲೈವ್' ಅನ್ನೋ ಈ ಆಲ್ಬಂ ಶುರುವಾಗಿದ್ದು ಗಿಟಾರ್‌ನಿಂದ ಅಲ್ಲ, ವಿದ್ಯುತ್ತಿನಿಂದ ದನಿ ಹುಟ್ಟಿಸುವ ಸಿಂಥಸೈಜರ್‌ನಿಂದ (ಚಿಕ್ಕದಾಗಿ ಸಿಂಥ್). ಇಂಗ್ಲೆಂಡಿನ ರೆಡಿಂಗ್‌ನಲ್ಲಿ 1989ರಲ್ಲಿ ಹುಟ್ಟಿದ ಈ ಬ್ಯಾಂಡಿನ ಹಾಡುಗಾರ ನೀಲ್ ಹಾಲ್‌ಸ್ಟೆಡ್ ಮೊದಲು ಮಾಡ್ಯುಲರ್ ಸಿಂಥ್‌ನಲ್ಲಿ, ಅಂದರೆ ವೈರುಗಳಿಂದ ಒಂದಕ್ಕೊಂದು ಜೋಡಿಸುವ ಬಿಡಿ ಪೆಟ್ಟಿಗೆಗಳಲ್ಲಿ, ಕರಡು ನುಡಿಸಿಟ್ಟರು. ಗಿಟಾರ್, ಡ್ರಮ್ಸ್ ಆಮೇಲೆ ಬಂದವು.

ಇಂಥ ಸಿಂಥ್‌ಗೆ ಸೀಕ್ವೆನ್ಸರ್ ಅನ್ನೋ ಭಾಗ ಸೇರಿಸಬಹುದು. ಅದಕ್ಕೆ ಎಂಟೋ ಹದಿನಾರೋ ಸ್ವರ ಕೊಟ್ಟರೆ ಸಾಕು, ಅದನ್ನೇ ಸುತ್ತಿ ಸುತ್ತಿ ನುಡಿಸುತ್ತದೆ. 1974ರಲ್ಲಿ ಜರ್ಮನಿಯ ಟ್ಯಾಂಜರೀನ್ ಡ್ರೀಮ್ ಬ್ಯಾಂಡಿನವರು ತಮ್ಮ 'ಫೀಡ್ರಾ' ಆಲ್ಬಂನಲ್ಲಿ ಇದನ್ನೇ ಮಾಡಿದ್ದು. ಸ್ವರಗಳು ಬದಲಾಗದೇ ಇದ್ದಾಗ ಕಿವಿ ರಾಗ ಹಿಂಬಾಲಿಸೋದನ್ನು ಬಿಟ್ಟು, ದನಿ ಮಂಕಾಗೋದು, ಹೊಳಪಾಗೋದನ್ನು ಗಮನಿಸುತ್ತದೆ. ಆಂಬಿಯೆಂಟ್, ಅಂದರೆ ರಾಗ-ತಾಳಕ್ಕಿಂತ ದನಿಯ ವಾತಾವರಣವೇ ಮುಖ್ಯವಾದ ಸಂಗೀತದ ಗುಟ್ಟು ಇಷ್ಟೇ. ಸ್ಲೋಡೈವ್‌ನ ಆಲ್ಬಂನ ಮೊದಲ ಹಾಡು 'ಶಾಂಟಿ' ಕೇಳಿ, ಗಿಟಾರ್ ಬರೋ ಮುಂಚೆಯೇ ಆ ಸುತ್ತು ಸಿಗುತ್ತದೆ.

ಗಿಟಾರ್‌ಗೆ ಮಾತ್ರ ಅವರದೇ ಹಳೇ ವಿಧಾನ: ದನಿಯನ್ನು ತುಸು ತಡವಾಗಿ ಮತ್ತೆ ಕೇಳಿಸುವ ಡಿಲೇ, ದೊಡ್ಡ ಹಾಲ್‌ನಲ್ಲಿ ನುಡಿಸಿದಂತೆ ಗುಂಯ್‌ಗುಡಿಸುವ ರಿವರ್ಬ್, ಎರಡೂ ಜಾಸ್ತಿ. ಒಂದು ಮೀಟಿನ ಪ್ರತಿಧ್ವನಿ ಮುಗಿಯೋ ಮೊದಲೇ ಇನ್ನೊಂದು ಬಂದು ಮೇಲೆ ಕೂರುತ್ತದೆ. ಹಾಗಾಗಿ ತಂತಿ ಮೀಟಿದ ಸದ್ದು ಕರಗಿ ಮೋಡದಂಥ ದನಿ ಉಳಿಯುತ್ತದೆ.

ಹಾಗಂತ ಇಡೀ ಆಲ್ಬಂ ಹೀಗೇ ಇಲ್ಲ. 'ಕಿಸಸ್' ನನ್ನ ಕಿವಿಗೆ ನೇರವಾದ ಪಾಪ್ ಹಾಡು, ಅದರಲ್ಲಿ ಕೇಳಿಸೋದು 80ರ ದಶಕದ ಬ್ರಿಟಿಷ್ ಗಿಟಾರ್ ಬ್ಯಾಂಡುಗಳ ಛಾಯೆ.