ರಾಜಕುಮಾರನಿಗೆ ಶಟಲ್‌ನಲ್ಲಿ ಸೀಟು ಸಿಕ್ಕಿದ್ದು ಹೇಗೆ?

ಪ್ರಶ್ನೆ: ಬಾಹ್ಯಾಕಾಶಕ್ಕೆ ಹೋದ ಮೊದಲ ಅರಬ್ ಒಬ್ಬ ಸೌದಿ ರಾಜಕುಮಾರ ಅಂತ ಓದಿದೆ. ಮನೆತನದ ಬಲದಿಂದ ಸುಮ್ನೆ ಹೋಗಿಬಂದವರಾ? ಆಮೇಲೆ ಏನು ಮಾಡಿದರು?

ಉತ್ತರ: ಅವರು ಸುಲ್ತಾನ್ ಬಿನ್ ಸಲ್ಮಾನ್, ಈಗಿನ ಸೌದಿ ದೊರೆ ಸಲ್ಮಾನ್ ಅವರ ಮಗ. ಮನೆತನದ ಪಾತ್ರ ಇರಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಸೀಟು ಹುಟ್ಟಿದ್ದು ಒಂದು ಉಪಗ್ರಹದಿಂದ.

ಅರಬ್ ದೇಶಗಳು ಸೇರಿ 1976ರಲ್ಲಿ ಅರಬ್‌ಸ್ಯಾಟ್ ಎಂಬ ಸಂಪರ್ಕ ಉಪಗ್ರಹಗಳ ಸಂಸ್ಥೆ ಕಟ್ಟಿದ್ದವು. ಅದರ ಎರಡನೇ ಉಪಗ್ರಹವನ್ನು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಡಿಸ್ಕವರಿ ಶಟಲ್ (ಮತ್ತೆ ಮತ್ತೆ ಬಳಸಬಹುದಾದ ಬಾಹ್ಯಾಕಾಶ ನೌಕೆ) ಹೊತ್ತೊಯ್ಯಬೇಕಿತ್ತು. ಆಗ ನಾಸಾದಲ್ಲಿ ಒಂದು ಪದ್ಧತಿ ಇತ್ತು. ಉಪಗ್ರಹ ಕಳಿಸುವ ಗಿರಾಕಿ ತನ್ನ ಕಡೆಯ ಒಬ್ಬರನ್ನೂ ಜೊತೆಗೆ ಕಳಿಸಬಹುದಿತ್ತು. ಇಂಥವರಿಗೆ ಪೇಲೋಡ್ ಸ್ಪೆಷಲಿಸ್ಟ್ ಎನ್ನುತ್ತಿದ್ದರು. 1985ರ ನವೆಂಬರ್‌ನಲ್ಲಿ ಮೆಕ್ಸಿಕೋದ ರೊಡಾಲ್ಫೋ ನೇರಿ ವೇಲಾ ಹೋಗಿದ್ದೂ ಹೀಗೇ. ಸುಲ್ತಾನ್ ವಿಮಾನ ಹಾರಿಸಬಲ್ಲವರಾಗಿದ್ದರು. ಅವರಿಗೇನಾದರೂ ಆದರೆ ಇರಲಿ ಎಂದು ಅಬ್ದುಲ್‌ಮೊಹ್ಸಿನ್ ಅಲ್ ಬಸ್ಸಾಮ್ ಅವರಿಗೂ ತರಬೇತಿ ಕೊಟ್ಟಿದ್ದರು.

1985ರ ಜೂನ್ 17ರಂದು ಶಟಲ್ ಹಾರಿತು. ಆಗ ಸುಲ್ತಾನ್‌ಗೆ 28 ವರ್ಷ, ರಂಜಾನ್ ಮುಗಿಯುವ ಹೊತ್ತು. ಒಳಗೆ ಒಟ್ಟು 7 ಜನ, ಅವರಲ್ಲೊಬ್ಬರು ಫ್ರಾನ್ಸಿನ ಪ್ಯಾಟ್ರಿಕ್ ಬೋದ್ರಿ. ಅರಬ್‌ಸ್ಯಾಟ್ ಉಪಗ್ರಹವನ್ನು ಕಕ್ಷೆಗೆ ಬಿಟ್ಟರು. ಸುಲ್ತಾನ್ ಪ್ರಯೋಗಗಳನ್ನು ಮಾಡಿದರು, ಅರಬ್ ನೆಲದ ಚಿತ್ರಗಳನ್ನು ತೆಗೆದರು. ಜೂನ್ 24ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಇಳಿದರು. ಮೊದಲ ದಿನ ಎಲ್ಲರೂ ತಮ್ಮ ತಮ್ಮ ದೇಶವನ್ನು ತೋರಿಸುತ್ತಿದ್ದೆವು, ಆಮೇಲೆ ಖಂಡಗಳನ್ನು, ಐದನೇ ದಿನಕ್ಕೆ ಕಾಣುತ್ತಿದ್ದುದು ಒಂದೇ ಭೂಮಿ ಎಂಬರ್ಥದ ಅವರ ಮಾತನ್ನು ಜನ ಇವತ್ತಿಗೂ ನೆನೆಯುತ್ತಾರೆ.

ಹಾರಾಟ ಒಂದೇ ವಾರದ್ದು, ಅಲ್ವಾ? ನನಗೆ ಅವರ ಮುಂದಿನ ಕೆಲಸವೇ ಜಾಸ್ತಿ ತೂಕದ್ದು ಅನಿಸುತ್ತದೆ. ವಾಯುಪಡೆಯಲ್ಲಿ ಕರ್ನಲ್ ಆಗಿ ನಿವೃತ್ತರಾದರು. ಅಂಗವಿಕಲ ಮಕ್ಕಳ ಸಂಘವನ್ನು ದಶಕಗಳ ಕಾಲ ಮುನ್ನಡೆಸಿದರು. 2000ದಲ್ಲಿ ಪ್ರವಾಸೋದ್ಯಮ ಆಯೋಗದ ಹೊಣೆ ಬಂತು, ಮುಂದೆ ಪ್ರಾಚ್ಯ ಸ್ಮಾರಕಗಳೂ ಅದಕ್ಕೇ ಸೇರಿದವು. ಸೌದಿ ಎಂದರೆ ಹಜ್ ಮತ್ತು ಎಣ್ಣೆ ಅಷ್ಟೇ ಎಂದುಕೊಂಡಿದ್ದ ಕಾಲ ಅದು. ಇಸ್ಲಾಂಗೂ ಮುಂಚಿನ ಮದಾಇನ್ ಸಾಲಿಹ್‌ನ ಬಂಡೆ ಗೋರಿಗಳು 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಆ ದೇಶದ ಮೊದಲ ವಿಶ್ವ ಪರಂಪರೆಯ ತಾಣ ಅದು. 2010ರಲ್ಲಿ ದಿರಿಯಾದ ಮಣ್ಣಿನ ಊರು, 2014ರಲ್ಲಿ ಹಳೆ ಜೆಡ್ಡಾ ಸೇರಿದವು. ಹಳೆಯದನ್ನು ಕೆಡವಿ ಹೊಸದು ಕಟ್ಟುವ ಉಮೇದು ಜೋರಾಗಿದ್ದ ದೇಶದಲ್ಲಿ ಇದು ಸಣ್ಣ ಕೆಲಸವಲ್ಲ.

2018ರ ಕೊನೆಗೆ ಹೊಸದಾಗಿ ಹುಟ್ಟಿದ ಸೌದಿ ಬಾಹ್ಯಾಕಾಶ ಆಯೋಗಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. 2021ರವರೆಗೂ ಅಲ್ಲಿದ್ದರು.