ಸಂಪಾದಕರ ಉತ್ತರ: ನಾಗರಭಾವಿಯ ಸೀಟಿಗೆ ನೂರಕ್ಕೆ ಎಷ್ಟು?

ಬೆಂಗಳೂರಿನ ಮೂಡಲಪಾಳ್ಯದಿಂದ ಓದುಗರೊಬ್ಬರು ಬರೆದಿರುವ ದೀರ್ಘ ಪತ್ರದ ಸಾರ ಹೀಗಿದೆ. ಅವರ ಮಗಳು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದಾಳೆ. ಒಂದನೆಯ ಮತ್ತು ಎರಡನೆಯ ತರಗತಿ ತಮಿಳುನಾಡಿನ ಹೊಸೂರಿನ ಕನ್ನಡ ಶಾಲೆಯಲ್ಲಿ, ಮೂರರಿಂದ ಹತ್ತರವರೆಗೆ ಬೆಂಗಳೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ, ಪಿಯುಸಿ ಇಂಗ್ಲಿಷ್ ಮಾಧ್ಯಮದಲ್ಲಿ. ಡಿಸೆಂಬರ್‌ನಲ್ಲಿ ಕ್ಲ್ಯಾಟ್ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಬರೆದು ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ವಿಶ್ವವಿದ್ಯಾಲಯ ಸೇರಬೇಕೆಂಬುದು ಅವಳ ಹಂಬಲ. ಆರು ಮಾಕ್ ಟೆಸ್ಟ್‌ಗಳಲ್ಲಿ 120ಕ್ಕೆ ಕ್ರಮವಾಗಿ 71, 84, 66, 88, 79, 74 ಅಂಕ ಬಂದಿವೆ. ಮೊದಲ ಪಿಯುಸಿಯಲ್ಲಿ ಶೇ. 96. ‘ಅರವತ್ತು ಎಪ್ಪತ್ತು ಸಾವಿರ ಮಕ್ಕಳು ಬರೆಯುವ ಪರೀಕ್ಷೆಯಲ್ಲಿ ನನ್ನ ಮಗಳಿಗೆ ನೂರಕ್ಕೆ ಎಷ್ಟು ಅವಕಾಶವಿದೆ? ಸಿಗದಿದ್ದರೆ ಒಂದು ವರ್ಷ ಬಿಡಿಸಿ ಓದಿಸಬೇಕೇ? ಈ ಲೆಕ್ಕವನ್ನೆಲ್ಲ ಅವಳಿಗೆ ಹೇಳಬಹುದೇ, ಹೇಳಿದರೆ ಕುಗ್ಗಿಹೋಗುತ್ತಾಳೆಯೇ?’ ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಪತ್ರದಲ್ಲಿ ಅಂಕಿಗಳು ಬಹಳ ಇವೆ, ಅದು ಸಂತೋಷದ ಸಂಗತಿ. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಆತಂಕವೊಂದೇ ಇರುತ್ತದೆ. ಆದರೆ ನಿಮ್ಮನ್ನು ಹೆಚ್ಚು ಹೆದರಿಸಿರುವ ಅಂಕಿಯೇ ನಿಮಗೆ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವಂಥದ್ದು. ಬರೆಯುವವರ ಸಂಖ್ಯೆಯನ್ನು ಸೀಟುಗಳ ಸಂಖ್ಯೆಯಿಂದ ಭಾಗಿಸಿ ‘ಇನ್ನೂರಕ್ಕೆ ಒಬ್ಬರು’ ಎಂದು ಹೇಳುವುದು ಪತ್ರಿಕೆಯ ತಲೆಬರಹಕ್ಕೆ ಚೆನ್ನಾಗಿರುತ್ತದೆಯೇ ಹೊರತು, ಅದು ಯಾವ ಒಬ್ಬ ವಿದ್ಯಾರ್ಥಿಯ ಅವಕಾಶವೂ ಅಲ್ಲ. ಇದು ಚೀಟಿ ಎತ್ತಿ ಕೊಡುವ ಸೀಟಲ್ಲ. ಅರ್ಜಿ ಹಾಕಿದವರಲ್ಲಿ ತಯಾರಿಯೇ ಇಲ್ಲದವರಿದ್ದಾರೆ, ಮನೆಯವರ ಒತ್ತಾಯಕ್ಕೆ ಬರೆಯುವವರಿದ್ದಾರೆ, ದಿನಕ್ಕೆ ಎಂಟು ಗಂಟೆ ಓದುವವರಿದ್ದಾರೆ. ಎಪ್ಪತ್ತು ಸಾವಿರ ಜನರು ಎಪ್ಪತ್ತೈದು ಸಾವಿರವಾದರೂ ನಿಮ್ಮ ಮಗಳ ಸ್ಥಿತಿ ಹೆಚ್ಚೇನೂ ಬದಲಾಗುವುದಿಲ್ಲ. ಅವಳ ಅಂಕದ ಆಸುಪಾಸಿನಲ್ಲಿ, ಅವಳು ನಿಂತಿರುವ ಸಾಲಿನಲ್ಲಿ, ಎಷ್ಟು ಮಂದಿ ಇದ್ದಾರೆ ಎಂಬುದಷ್ಟೇ ಮುಖ್ಯ.

ಹಾಗಾದರೆ ಅವಳು ಯಾವ ಸಾಲಿನಲ್ಲಿ ನಿಂತಿದ್ದಾಳೆ? ನಮ್ಮ ದೃಷ್ಟಿಯಲ್ಲಿ ನಿಮ್ಮ ಪತ್ರದ ತಿರುಳಿರುವುದು ಇಲ್ಲಿಯೇ, ನೀವು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿರುವ ಹೊಸೂರಿನ ವಿಷಯದಲ್ಲಿ. ನಾಗರಭಾವಿಯ ಕಾನೂನು ಶಾಲೆಯನ್ನು ಸ್ಥಾಪಿಸಿದ್ದು ಕರ್ನಾಟಕ ವಿಧಾನಮಂಡಲದ 1986ರ ಕಾಯ್ದೆ. 1988ರಲ್ಲಿ ಮೊದಲ ನಿರ್ದೇಶಕ ಮಾಧವ ಮೆನನ್ ಅವರ ನೇತೃತ್ವದಲ್ಲಿ ಪಾಠಗಳು ಆರಂಭವಾದವು. ಆದರೂ ಮೂರು ದಶಕಗಳ ಕಾಲ ಇಲ್ಲಿ ಕನ್ನಡ ನಾಡಿನ ಮಕ್ಕಳಿಗೆ ಪ್ರತ್ಯೇಕ ಪಾಲು ಇರಲಿಲ್ಲ. 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಶೇ. 25ರಷ್ಟು ಮೀಸಲಿಟ್ಟಾಗ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಪಡಿಸಿತು. ಆಮೇಲೆ ವಿಶ್ವವಿದ್ಯಾಲಯವೇ ತನ್ನ ವಿಸ್ತರಣಾ ಯೋಜನೆಯ ಭಾಗವಾಗಿ ‘ಕರ್ನಾಟಕದ ವಿದ್ಯಾರ್ಥಿ’ಗಳಿಗೆ ಶೇ. 25ರ ಸಮತಲ ಮೀಸಲಾತಿಯನ್ನು ಒಪ್ಪಿಕೊಂಡಿತು. ಮಹಿಳೆಯರಿಗೆ ಶೇ. 30ರ ಸಮತಲ ಮೀಸಲಾತಿಯೂ ಇದೆ.

ಸಮತಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ‘ನೂರರಲ್ಲಿ ಇಪ್ಪತ್ತೈದು ಸೀಟುಗಳನ್ನು ನಮಗೆಂದೇ ಬೇರೆ ತೆಗೆದಿಡುತ್ತಾರೆ’ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಸಾಮಾನ್ಯ ಹೀಗೆ ಪ್ರತಿಯೊಂದು ವರ್ಗದ ಒಳಗೂ ನಾಲ್ಕನೆಯ ಒಂದು ಭಾಗದಷ್ಟು ಕರ್ನಾಟಕದ ವಿದ್ಯಾರ್ಥಿಗಳು ಇರಬೇಕು ಎಂದು ಅದರ ಅರ್ಥ. ಸ್ವಂತ ರ‍್ಯಾಂಕ್‌ನ ಬಲದಿಂದಲೇ ಒಳಗೆ ಬಂದ ಕರ್ನಾಟಕದ ಮಕ್ಕಳನ್ನೂ ಈ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಅವರಿಂದಲೇ ಪಾಲು ತುಂಬಿದರೆ ಕೆಳಗಿನವರನ್ನು ಮೇಲೆತ್ತುವ ಪ್ರಶ್ನೆ ಬರುವುದಿಲ್ಲ, ಕೊರತೆ ಬಿದ್ದರೆ ಮಾತ್ರ ರ‍್ಯಾಂಕ್ ಪಟ್ಟಿಯಲ್ಲಿ ಕೆಳಗಿರುವ ಕರ್ನಾಟಕದವರನ್ನು ಹುಡುಕಿ ತೆಗೆದುಕೊಳ್ಳುತ್ತಾರೆ. ವಾಸ್ತವದಲ್ಲಿ ಕೊರತೆ ಬೀಳುತ್ತದೆ. ಸಾಮಾನ್ಯ ವರ್ಗದ ಅಖಿಲ ಭಾರತ ಸೀಟುಗಳು ಮೊದಲ ನೂರರ ಆಸುಪಾಸಿನ ರ‍್ಯಾಂಕ್‌ಗಳಲ್ಲೇ ಮುಗಿದುಹೋಗುತ್ತವೆ. ಅದೇ ವರ್ಗದ ಕರ್ನಾಟಕದ ಪಾಲು ಅದಕ್ಕಿಂತ ಸಾಕಷ್ಟು ಕೆಳಗಿನವರೆಗೆ ಇಳಿಯುತ್ತದೆ. ಆದ್ದರಿಂದ ಒಂದೇ ಅಂಕ ಪಡೆದ ಇಬ್ಬರು ಹುಡುಗಿಯರಲ್ಲಿ ಒಬ್ಬಳಿಗೆ ಬಾಗಿಲು ಮುಚ್ಚಿ ಇನ್ನೊಬ್ಬಳಿಗೆ ತೆರೆದಿರುವುದು ಸಾಧ್ಯ.

ಕರ್ನಾಟಕದ ವಿದ್ಯಾರ್ಥಿ ಎಂದರೆ ಯಾರು? ಸಿಇಟಿಗೆ ಬೇಕಾಗುವುದು ಏಳು ವರ್ಷಗಳ ವ್ಯಾಸಂಗ, ಅದು ಎಲ್ಲ ಪೋಷಕರಿಗೂ ಗೊತ್ತು. ಕಾನೂನು ಶಾಲೆ ಕೇಳುವುದು ಅರ್ಹತಾ ಪರೀಕ್ಷೆಗೆ, ಅಂದರೆ ದ್ವಿತೀಯ ಪಿಯುಸಿ ಪರೀಕ್ಷೆಗೆ, ಮೊದಲು ರಾಜ್ಯದಲ್ಲಿರುವ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಹತ್ತು ವರ್ಷಗಳ ವ್ಯಾಸಂಗವನ್ನು. ಹೊಸೂರಿನ ಎರಡು ವರ್ಷ ರಾಜ್ಯದ ಹೊರಗಾದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಮಗಳಿಗೆ ಮೂರನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಎಣಿಸಿದರೆ ಸರಿಯಾಗಿ ಹತ್ತು. ಒಂದು ವರ್ಷದ ದಾಖಲೆ ಕೈಕೊಟ್ಟರೂ ಒಂಬತ್ತಾಗುತ್ತದೆ. ಹಾಗಾಗಿ ಮಾಕ್ ಟೆಸ್ಟ್‌ಗಳ ಬಗ್ಗೆ ಚಿಂತಿಸುವ ಮೊದಲು ಅವಳು ಓದಿದ ಪ್ರತಿಯೊಂದು ಶಾಲೆಗೂ ಹೋಗಿ, ವರ್ಷವಾರು ವಿವರವಿರುವ ಸ್ಟಡಿ ಸರ್ಟಿಫಿಕೇಟ್ ಬರೆಸಿಕೊಳ್ಳಿ, ಬಿಇಓ ಕಚೇರಿಯಿಂದ ಮೇಲುಸಹಿ ಹಾಕಿಸಿಟ್ಟುಕೊಳ್ಳಿ. ಶಾಲೆಗಳು ಮುಚ್ಚಿಹೋಗುತ್ತವೆ, ವಿಲೀನವಾಗುತ್ತವೆ, ಮುಖ್ಯೋಪಾಧ್ಯಾಯರು ವರ್ಗವಾಗುತ್ತಾರೆ. ಫಲಿತಾಂಶ ಬಂದ ಮೇಲೆ ಓಡಾಡಲು ಹೊರಟರೆ ಗಡುವು ಕಾಯುವುದಿಲ್ಲ. ದ್ವಿತೀಯ ಪಿಯುಸಿಯ ವರ್ಷವನ್ನು ಹತ್ತರಲ್ಲಿ ಸೇರಿಸಿ ಎಣಿಸುತ್ತಾರೆಯೇ ಎಂಬುದನ್ನು ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಮಿಂಚಂಚೆ ಬರೆದು, ಲಿಖಿತ ಉತ್ತರವನ್ನೇ ಪಡೆಯಿರಿ. ಯಾರೋ ಫೋನಿನಲ್ಲಿ ‘ಆಗುತ್ತದೆ ಸರ್’ ಎಂದರೆ ಅದರಿಂದ ಪ್ರಯೋಜನವಿಲ್ಲ. ಅರ್ಜಿ ತುಂಬುವಾಗ ‘ಕರ್ನಾಟಕದ ವಿದ್ಯಾರ್ಥಿ’ ಎಂಬ ಕಾಲಂ ಅನ್ನು ಗುರುತು ಮಾಡದೆ ಬಿಟ್ಟು ಆಮೇಲೆ ಪರಿತಪಿಸುವವರೂ ಇದ್ದಾರೆ. ನಮ್ಮ ಅಂದಾಜಿನಲ್ಲಿ, ಇಷ್ಟರಿಂದ ಅವಳ ಅವಕಾಶಕ್ಕೆ ಆಗುವ ಲಾಭ ಮುಂದಿನ ತಿಂಗಳ ಕ್ರ್ಯಾಶ್ ಕೋರ್ಸ್‌ನಿಂದ ಆಗುವುದಕ್ಕಿಂತ ಹೆಚ್ಚು.

ಶೇ. 96ರ ವಿಷಯ ಬೇಗ ಮುಗಿಸೋಣ. ಪಿಯುಸಿ ಅಂಕ ರ‍್ಯಾಂಕ್‌ಗೆ ಸೇರುವುದಿಲ್ಲ. ಸಾಮಾನ್ಯ ವರ್ಗದವರಿಗೆ ದ್ವಿತೀಯ ಪಿಯುಸಿಯಲ್ಲಿ ಶೇ. 45 ಬಂದರೆ ಅರ್ಹತೆ ಆಯಿತು, ಅಲ್ಲಿಗೆ ಅದರ ಕೆಲಸ ತೀರಿತು.

ಇನ್ನು ಮಾಕ್ ಅಂಕಗಳು. ನೀವು ಸರಾಸರಿ ತೆಗೆದು 77 ಎಂದು ಬರೆದಿದ್ದೀರಿ. ನಾವು ನೋಡುವುದು 66 ಮತ್ತು 88ರ ನಡುವಿನ ಅಂತರವನ್ನು. ಈ ಪರೀಕ್ಷೆಯ ಮೇಲ್ತುದಿಯಲ್ಲಿ ಒಂದು ಅಂಕದೊಳಗೆ ಎಷ್ಟೋ ಜನ ಒತ್ತೊತ್ತಾಗಿ ನಿಂತಿರುತ್ತಾರೆ. 2025ರ ಪ್ರವೇಶಕ್ಕೆ ನಡೆದ ಪರೀಕ್ಷೆಯಲ್ಲಿ ಕೆಲವೇ ಪ್ರಶ್ನೆಗಳ ಉತ್ತರ ಸರಿಯೋ ತಪ್ಪೋ ಎಂಬ ವಿವಾದ ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೌನ್ಸೆಲಿಂಗ್ ತಿಂಗಳುಗಟ್ಟಲೆ ತಡವಾಯಿತು. ಒಂದೆರಡು ಅಂಕಕ್ಕೆ ಅಲ್ಲಿ ಅಷ್ಟು ಬೆಲೆ. ಹಾಗಿರುವಾಗ ಇಪ್ಪತ್ತೆರಡು ಅಂಕಗಳ ಏರಿಳಿತವೆಂದರೆ ಅವಳಿಗೆ ಒಂದು ದಿನ ಒಂದು ಅವಕಾಶ, ಮತ್ತೊಂದು ದಿನ ಬೇರೆಯದೇ ಅವಕಾಶ ಎಂದಂತಾಯಿತು. ಕಡಿಮೆ ಬಂದ ಎರಡು ಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು, ಅಂಕ ಹೋದದ್ದು ತಪ್ಪು ಉತ್ತರದಿಂದಲೋ, ಸಮಯ ಸಾಲದೆ ಮುಟ್ಟದೇ ಬಿಟ್ಟ ಪ್ರಶ್ನೆಗಳಿಂದಲೋ ಎಂದು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಲು ಅವಳಿಗೆ ಹೇಳಿ.

ಎರಡನೆಯ ಕಾರಣವೇ ಇರಬಹುದೆಂದು ನಮ್ಮ ಊಹೆ. 120 ನಿಮಿಷಕ್ಕೆ 120 ಪ್ರಶ್ನೆಗಳು, ಹೆಚ್ಚಿನವು ಸುಮಾರು 450 ಪದಗಳ ಗದ್ಯಭಾಗಗಳನ್ನು ಓದಿ ಉತ್ತರಿಸುವಂಥವು. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕ ತಲಾ 28ರಿಂದ 32 ಪ್ರಶ್ನೆ, ಇಂಗ್ಲಿಷ್ ಮತ್ತು ತರ್ಕ ತಲಾ 22ರಿಂದ 26, ಗಣಿತ 10ರಿಂದ 14. ಕಾನೂನಿನ ವಿಭಾಗದಲ್ಲೂ ಕಾನೂನಿನ ತಿಳಿವಳಿಕೆ ಮೊದಲೇ ಇರಬೇಕಾಗಿಲ್ಲ. ಕೊಟ್ಟ ತತ್ವವನ್ನು ಕೊಟ್ಟ ಸಂದರ್ಭಕ್ಕೆ ಅನ್ವಯಿಸಬೇಕು, ಅಷ್ಟೆ. ಅಂದರೆ ಇದು ಬಹುಮಟ್ಟಿಗೆ ಇಂಗ್ಲಿಷನ್ನು ಎಷ್ಟು ಬೇಗ ಓದಿ ಗ್ರಹಿಸಬಲ್ಲಿರಿ ಎಂಬುದರ ಪರೀಕ್ಷೆ. ಹತ್ತು ವರ್ಷ ಕನ್ನಡದಲ್ಲಿ ಕಲಿತ ಹುಡುಗಿ ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದಿದ್ದರೂ ಇಂಗ್ಲಿಷ್ ಓದಿನ ವೇಗದಲ್ಲಿ ಹಿಂದಿರುವುದು ಸಹಜ, ಮತ್ತು ಭಾರತದ ಭಾಷೆಗಳಲ್ಲಿ ಈ ಪರೀಕ್ಷೆ ನಡೆಯದಿರುವುದು ನ್ಯಾಯವೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಅದರ ಬಗ್ಗೆ ನಮಗೂ ಅಸಮಾಧಾನವಿದೆ, ಆದರೆ ಈ ಡಿಸೆಂಬರ್‌ಗೆ ಅದರಿಂದ ಪ್ರಯೋಜನವಿಲ್ಲ. ತರ್ಕದ ವರಸೆಗಳು ವಾರಗಳಲ್ಲಿ ಕೈಗೆ ಹತ್ತುತ್ತವೆ, ಓದಿನ ವೇಗ ಮಾತ್ರ ತಿಂಗಳುಗಳನ್ನು ಬೇಡುತ್ತದೆ. ಆದ್ದರಿಂದ ಇನ್ನೊಂದು ಮಾಕ್ ಟೆಸ್ಟ್ ಬರೆಯುವ ಹೊತ್ತಿನಲ್ಲಿ ಇಂಗ್ಲಿಷ್ ದಿನಪತ್ರಿಕೆಯ ಎರಡು ಸಂಪಾದಕೀಯಗಳನ್ನು ಗಡಿಯಾರ ಇಟ್ಟುಕೊಂಡು ಓದಿ, ಪ್ರತಿಯೊಂದರ ವಾದವನ್ನು ಕನ್ನಡದಲ್ಲಿಯೇ ಎರಡು ವಾಕ್ಯಗಳಲ್ಲಿ ಬರೆಯುವುದು ಅವಳಿಗೆ ಹೆಚ್ಚು ಲಾಭದಾಯಕ.

‘ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡ’ ಎಂದು ಕೋಚಿಂಗ್‌ನವರು ಹೇಳಿರುವುದಾಗಿ ಬರೆದಿದ್ದೀರಿ. ತಪ್ಪಿಗೆ ಕಳೆಯುವುದು ಕಾಲು ಅಂಕ. ಕಣ್ಣುಮುಚ್ಚಿ ಹದಿನಾರು ಪ್ರಶ್ನೆಗಳಿಗೆ ಗುರುತು ಹಾಕಿದರೆ ಸರಾಸರಿ ನಾಲ್ಕು ಸರಿಯಾಗಿ, ಹನ್ನೆರಡು ತಪ್ಪಾಗಿ, ಮೂರು ಅಂಕ ಕಳೆದು ಒಂದು ಉಳಿಯುತ್ತದೆ; ನಾಲ್ಕರಲ್ಲಿ ಎರಡು ಆಯ್ಕೆಗಳು ಖಂಡಿತ ತಪ್ಪೆಂದು ತಿಳಿದಿದ್ದರೆ ಅದೇ ಹದಿನಾರರಿಂದ ಆರು ಅಂಕ ಬರುತ್ತವೆ. ಆದ್ದರಿಂದ ಆ ಸಲಹೆಯನ್ನು ಅಕ್ಷರಶಃ ಪಾಲಿಸಬೇಕಾಗಿಲ್ಲ.

ಮಾಕ್ ಅಂಕವನ್ನು ಅವಕಾಶವಾಗಿ ಪರಿವರ್ತಿಸುವುದು ಹೇಗೆ ಎಂಬುದಕ್ಕೆ ಬರೋಣ. ಕೋಚಿಂಗ್ ಕೇಂದ್ರ ಕೊಡುವ ರ‍್ಯಾಂಕ್ ಆ ಕೇಂದ್ರದ ಮಕ್ಕಳ ನಡುವಿನದು, ಅದನ್ನು ಬದಿಗಿಡಿ. ಪ್ರಶ್ನೆಗಳು 150ರಿಂದ 120ಕ್ಕೆ ಇಳಿದದ್ದು 2024ರ ಪ್ರವೇಶದಿಂದ. ಅಲ್ಲಿಂದೀಚಿನ ನಿಜವಾದ ಪ್ರಶ್ನೆಪತ್ರಿಕೆಗಳನ್ನು, ಅವಳು ಈವರೆಗೆ ಬಿಡಿಸದಿದ್ದರೆ, ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎದ್ದುಹೋಗದೆ ಬರೆಸಿ, ಅಂತಿಮ ಉತ್ತರಗಳೊಂದಿಗೆ ತಾಳೆ ನೋಡಿ. ಆ ಅಂಕಕ್ಕೆ ಆ ವರ್ಷ ಎಷ್ಟನೆಯ ರ‍್ಯಾಂಕ್ ಬಂದಿತ್ತೆಂಬುದನ್ನು ಹಿಂದಿನ ವರ್ಷ ಬರೆದವರ ಅಂಕಪಟ್ಟಿಗಳಿಂದ ತಿಳಿಯಬಹುದು. ಅಂಕವನ್ನಷ್ಟೇ ಹಿಡಿದು ಹೊರಟರೆ ಮೋಸಹೋಗುತ್ತೀರಿ, ಏಕೆಂದರೆ ಪತ್ರಿಕೆ ಸುಲಭವಾದ ವರ್ಷ ಎಲ್ಲರ ಅಂಕವೂ ಏರುತ್ತದೆ. ಬಳಿಕ ಪರೀಕ್ಷೆ ನಡೆಸುವ ಕನ್ಸಾರ್ಷಿಯಂ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ) ಪ್ರಕಟಿಸಿರುವ ಹಂಚಿಕೆ ಪಟ್ಟಿಗಳಲ್ಲಿ, ಕೊನೆಯ ಸುತ್ತಿನಲ್ಲಿ, ಸಾಮಾನ್ಯ ವರ್ಗದ ಕರ್ನಾಟಕದ ಪಾಲಿನಲ್ಲಿ ಸೀಟು ಪಡೆದ ಕೊನೆಯ ರ‍್ಯಾಂಕ್ ಯಾವುದೆಂದು ಮೂರು ವರ್ಷಗಳಿಗೂ ಬರೆದುಕೊಳ್ಳಿ. ಮೊದಲ ಸುತ್ತಿನ ಪಟ್ಟಿ ನೋಡಿ ಎದೆಗುಂದುವವರು ಬಹಳ. ಬೇರೆ ಕಡೆ ಹೋಗುವವರು ಹೋದ ಮೇಲೆ ಗೆರೆ ಸ್ವಲ್ಪ ಕೆಳಗಿಳಿಯುತ್ತದೆ. ಮೂರರಲ್ಲಿ ಅತ್ಯಂತ ಕಠಿಣವಾದ ಗೆರೆಯನ್ನೂ ಅವಳು ದಾಟುತ್ತಿದ್ದರೆ ಧೈರ್ಯವಾಗಿರಿ, ಅತ್ಯಂತ ಸಡಿಲವಾದದ್ದನ್ನೂ ಮುಟ್ಟದಿದ್ದರೆ ಬೇರೆ ದಾರಿಯನ್ನೇ ಮುಖ್ಯವೆಂದು ಭಾವಿಸಿ.

ನೂರಕ್ಕೆ ಎಷ್ಟು ಎಂದು ನೀವು ನೇರವಾಗಿ ಕೇಳಿದ್ದೀರಿ, ನುಣುಚಿಕೊಳ್ಳುವುದಿಲ್ಲ. ಇಂದಿನ ಅಂಕಗಳನ್ನು ನೋಡಿದರೆ ಅಖಿಲ ಭಾರತ ಸಾಲಿನಲ್ಲಿ ನಾಗರಭಾವಿಯ ಸೀಟು ಬಹುಮಟ್ಟಿಗೆ ಕೈಗೆಟುಕದು. ಹತ್ತು ವರ್ಷದ ದಾಖಲೆ ಗಟ್ಟಿಯಾಗಿದ್ದರೆ ಅವಕಾಶ ಅರ್ಧಕ್ಕಿಂತ ಕಡಿಮೆ, ಆದರೆ ನಿರ್ಲಕ್ಷಿಸುವಷ್ಟು ಕಡಿಮೆಯಲ್ಲ. 84, 88 ಅವಳ ಸಾಮಾನ್ಯ ಅಂಕವಾದರೆ ಈ ಮಾತನ್ನು ತಿದ್ದಿಕೊಳ್ಳಬೇಕಾಗುತ್ತದೆ. ಕ್ಲ್ಯಾಟ್ ಮೂಲಕ ಸೇರಬಹುದಾದ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಯಾವುದಾದರೂ ಒಂದರಲ್ಲಿ ಸೀಟು ಸಿಗುವ ಸಂಭವ ಇದಕ್ಕಿಂತ ಹೆಚ್ಚು, ಆದರೆ ಅಲ್ಲಿಗೆ ಕಳಿಸಲು ನೀವು ಸಿದ್ಧರಿದ್ದೀರಾ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ಕೌನ್ಸೆಲಿಂಗ್‌ಗೆ ಹೆಸರು ನೋಂದಾಯಿಸಲು ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ 30,000 ರೂಪಾಯಿ ಕಟ್ಟಬೇಕಾಗಿದೆ, ಅದಕ್ಕೆ ಕೊಡುವ ಸಮಯ ಕೆಲವೇ ದಿನ. ಹಣವನ್ನು ಡಿಸೆಂಬರ್‌ಗೇ ಹೊಂದಿಸಿಟ್ಟುಕೊಳ್ಳಿ. ‘ಒಳಗಿನಿಂದ ಮಾಡಿಸಿಕೊಡುತ್ತೇನೆ’ ಎಂದು ಐದು ಲಕ್ಷ ಕೇಳಿದ್ದಾಗಿ ನೀವು ಬರೆದಿರುವ ವ್ಯಕ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಇಲ್ಲ, ರ‍್ಯಾಂಕ್ ಪಟ್ಟಿ ಎಲ್ಲರ ಕಣ್ಣೆದುರಿಗಿದೆ.

ವರ್ಷ ಬಿಡಿಸುವ ಪ್ರಶ್ನೆಯನ್ನು ಈಗ ತೀರ್ಮಾನಿಸಬೇಡಿ. ಪರೀಕ್ಷೆ ಡಿಸೆಂಬರ್‌ನ ಮೊದಲ ಭಾನುವಾರದ ಆಸುಪಾಸಿನಲ್ಲಿ ನಡೆಯುವುದರಿಂದ ಪಿಯುಸಿ ಪರೀಕ್ಷೆಗೆ ಕೂರುವ ಹೊತ್ತಿಗೆ ರ‍್ಯಾಂಕ್ ನಿಮ್ಮ ಕೈಯಲ್ಲಿರುತ್ತದೆ. ಸೀಟು ಕೂದಲೆಳೆಯಲ್ಲಿ ತಪ್ಪಿದ್ದರೆ ಮತ್ತು ಅವಳೇ ಬಯಸಿದರೆ ಮತ್ತೊಮ್ಮೆ ಬರೆಯಬಹುದು, ವಯಸ್ಸಿನ ಮಿತಿಯಿಲ್ಲ. ಸಾವಿರಾರು ರ‍್ಯಾಂಕ್‌ಗಳ ಅಂತರವಿದ್ದರೆ ಮನೆಯಲ್ಲಿ ಕೂರಿಸುವುದನ್ನು ನಾವು ಒಪ್ಪುವುದಿಲ್ಲ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಐದು ವರ್ಷದ ಕೋರ್ಸ್ ಇರುವ ಕಾಲೇಜುಗಳು ಬೆಂಗಳೂರಿನಲ್ಲಿಯೇ ಹಲವಿವೆ. ಇಲ್ಲವೇ ಪದವಿ ಮುಗಿಸಿ ಮತ್ತೆ ನಾಗರಭಾವಿಯತ್ತಲೇ ನೋಡಬಹುದು: 2022ರಿಂದ ಅಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಅದಕ್ಕೆ ವಿಶ್ವವಿದ್ಯಾಲಯವೇ ನಡೆಸುವ ಪ್ರತ್ಯೇಕ ಪರೀಕ್ಷೆಯಲ್ಲಿ ಆಯ್ಕೆ ಪ್ರಶ್ನೆಗಳ ಜೊತೆಗೆ ಬರೆದು ಉತ್ತರಿಸುವ ಭಾಗವೂ ಇದೆ. ನಿಧಾನವಾಗಿ ಓದಿ ಚೆನ್ನಾಗಿ ಯೋಚಿಸುವವರಿಗೆ ಆ ಪರೀಕ್ಷೆ ಹೆಚ್ಚು ಒಗ್ಗಬಹುದು.

ಇದನ್ನೆಲ್ಲ ಮಗಳಿಗೆ ಹೇಳಬಹುದೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಹೇಳಲೇಬೇಕು. ಕೌನ್ಸೆಲಿಂಗ್ ಅರ್ಜಿಯಲ್ಲಿ ಯಾವ ವಿಶ್ವವಿದ್ಯಾಲಯ ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಅವಳೇ ಬರೆಯಬೇಕಾಗುತ್ತದೆ, ಮತ್ತು ತನ್ನ ಸಾಲು ಯಾವುದೆಂದು ತಿಳಿಯದ ಹುಡುಗಿ ಆ ಕ್ರಮವನ್ನು ನೆರೆಹೊರೆಯವರ ಮಾತಿನ ಮೇಲೆ ಬರೆಯುತ್ತಾಳೆ. ಆರು ಅಂಕಗಳನ್ನು ಬರೆದ ಆ ಹಾಳೆಯನ್ನೂ ಮೂರು ವರ್ಷಗಳ ಕೊನೆಯ ರ‍್ಯಾಂಕ್‌ಗಳನ್ನೂ ಅವಳ ಕೈಗೇ ಕೊಡಿ; ಸ್ಟಡಿ ಸರ್ಟಿಫಿಕೇಟಿಗಾಗಿ ಓಡಾಡುವ ಕೆಲಸವನ್ನು ನೀವು ಇಟ್ಟುಕೊಳ್ಳಿ.

ಸಂಪಾದಕ